ಹೊಂಗನೂರಿನ ಒಂಟಿ ನೊಣ

ವಿಭವ ಸಂವತ್ಸರದ ಕಾರ್ತಿಕ ಮಾಸದಲ್ಲಿ ಹೊಂಗನೂರಿನ ಚಾವಡಿಯ ಜಗಲಿಯ ಮೇಲೆ ಒಂದು ಹಿತ್ತಾಳೆ ಗಂಟೆಯನ್ನು ಇಡಲಾಯಿತು. ಮೈಸೂರು ಸೀಮೆಯ ಚರಿತ್ರೆ ಬರೆದವರು ಕೋಟೆಗಳಿಗೂ ಕಾಳಗಗಳಿಗೂ ಪುಟಗಟ್ಟಲೆ ಜಾಗ ಕೊಟ್ಟು ಈ ಗಂಟೆಯನ್ನು ಪೂರ್ತಿಯಾಗಿ ಮರೆತಿದ್ದಾರೆ. ಇದು ಸಣ್ಣ ಲೋಪವಲ್ಲ. ಮನುಷ್ಯನಿಗೆ ತಾನು ಇದ್ದೇನೆಂದು ಗೊತ್ತಿದೆಯೇ, ಗೊತ್ತಿದ್ದರೆ ಅದು ಗೊತ್ತಾಗುವುದು ಯಾರಿಗೆ ಎಂಬ ಪ್ರಶ್ನೆ ಉಪನಿಷತ್ತಿನ ಕಾಲದಿಂದ ಇತ್ಯರ್ಥವಾಗದೆ ಉಳಿದಿತ್ತು. ಅದನ್ನು ನಾಲ್ಕೇ ದಿನಗಳಲ್ಲಿ, ಮಧ್ಯಾಹ್ನದ ಊಟವೂ ಊಟದ ಮೇಲಿನ ಜೊಂಪೂ ಸೇರಿ, ಇತ್ಯರ್ಥ ಮಾಡಿದ ಗಂಟೆ ಅದು. ಮೇಜಿನ ಮೇಲಿಟ್ಟು ನೆತ್ತಿಯನ್ನು ಬೆರಳಿನಿಂದ ಒತ್ತಿದರೆ 'ಟಿಣ್' ಎನ್ನುವ ಜಾತಿಯದು.

ಗಂಟೆಯನ್ನು ತಂದವರು ಅಳಸಿಂಗಾಚಾರ್ಯರು. ಮೈಸೂರಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಉಪಾಧ್ಯಾಯರು. ಎರಡು ವರ್ಷ ವಿಲಾಯಿತಿಯಲ್ಲಿದ್ದು ಬಂದವರು. ಅಲ್ಲಿ ಒಂದು ಕತ್ತಲೆ ಕೋಣೆಯಲ್ಲಿ ಕುಳಿತು, ಗಂಟೆ ಬಾರಿಸಿದ ಕೂಡಲೆ ತಮ್ಮ ಮನಸ್ಸಿನೊಳಗೆ ಏನಿತ್ತೆಂದು ಗುರುಗಳಿಗೆ ವರದಿ ಒಪ್ಪಿಸುವುದನ್ನು ಕಲಿತಿದ್ದರು. ಎರಡು ವರ್ಷದಲ್ಲಿ ಏಳು ಸಾವಿರ ಸಲ ವರದಿ ಒಪ್ಪಿಸಿ, ತಮ್ಮ ಮನಸ್ಸಿನಲ್ಲಿ ತಮಗೆ ಗೊತ್ತಿಲ್ಲದ ಮೂಲೆ ಯಾವುದೂ ಉಳಿದಿಲ್ಲವೆಂಬ ನಿಶ್ಚಯದೊಂದಿಗೆ ಹಡಗು ಹತ್ತಿದ್ದರು. ಊರಿಗೆ ಬಂದ ಮೇಲೆ ಅವರಿಗೆ ಒಂದು ಸಿದ್ಧಾಂತ ಹೊಳೆಯಿತು. ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳುವ ಶಕ್ತಿ ವಿದ್ಯೆಯಿಂದ ಬರುವಂಥದು. ವಿದ್ಯೆಯಿಲ್ಲದ ರೈತನಿಗೆ ಮನಸ್ಸಿದ್ದೀತು, ಆದರೆ ಅದು ಅವನದು ಎಂಬ ಅರಿವಿರಲಾರದು. ಇದನ್ನು ಸಾಧಿಸಲು ಅವರಿಗೆ ಅರವತ್ತು ಜನ ರೈತರು ಬೇಕಾಗಿದ್ದರು. ಚನ್ನಪಟ್ಟಣದ ಕಡೆಯವರೇ ಆಗಬೇಕೆಂದು ಶಾಸ್ತ್ರವೇನೂ ಹೇಳಿರಲಿಲ್ಲ. ರೈಲು ಅಲ್ಲಿ ನಿಲ್ಲುತ್ತಿತ್ತು.

ಅಲ್ಲಿಗೆ ಹತ್ತಿರದ ಹೊಂಗನೂರಿಗೆ ವಿಷಯ ಮೊದಲು ಮುಟ್ಟಿದ್ದು ತಾಲ್ಲೂಕು ಕಚೇರಿಯ ಕಾಗದದ ರೂಪದಲ್ಲಿ. 'ಗ್ರಾಮಸ್ಥರ ಪ್ರಜ್ಞೆಯನ್ನು ಅಳತೆ ಮಾಡಲು ಬರತಕ್ಕ ಪಂಡಿತರಿಗೆ ಸಕಲ ಅನುಕೂಲ ಮಾಡಿಕೊಡತಕ್ಕದ್ದು' ಎಂದು ಅದರಲ್ಲಿತ್ತು. ಶಾನುಭೋಗರು ಅದನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಿದರು. ಚನ್ನಪಟ್ಟಣದಲ್ಲಿ ಆಚಾರ್ಯರನ್ನು ಕಂಡು ಬಂದಿದ್ದರಾದ್ದರಿಂದ ಕೇಳಲಿರುವ ಪ್ರಶ್ನೆಗಳನ್ನೂ ತಿಳಿಸಿದರು. ಗಂಟೆ ಹೊಡೆಯುತ್ತಾರೆ. ಆ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಎಂಬುದು ಒಂದನೆಯದು. ಅದು ಇತ್ತೆಂದು ತಿಳಿದದ್ದು ಯಾರಿಗೆ ಎಂಬುದು ಎರಡನೆಯದು.



"ಅಳತೆ ಅಂತ ಬರ್ದವ್ರಾ?" ಎಂದು ಕೇಳಿದವರು ಪಟೇಲ ರಾಮಲಿಂಗಯ್ಯ.

"ಅಳತೆ ಅಂತಲೇ ಇದೆ."

"ಹಂಗಾದ್ರೆ ಇದು ಕಂದಾಯದ್ದೇಯ. ಹಿಂದೆ ಭಾವಿ ಅಳೆಯಾಕೆ ಬಂದೋರು ಸುಮ್ಕೆ ಅಳ್ದು ಹೋದ್ರಾ?"

"ಮನಸ್ನಾಗಿರಾದು ಕಟ್ಕೊಂಡು ಅವ್ರಿಗೇನಾಗ್ಬೇಕು ಪಟೇಲ್ರೆ?" ಎಂದ ವೆಂಕಟಯ್ಯ.

"ಹೊರಗಿರಾದೆಲ್ಲ ಬರ್ಕೊಂಡಾಯ್ತಲ್ಲಪ್ಪ. ಈಗ ಒಳಗಿರಾದು."

ಪುಸ್ತಕ ಹಿಡಿದು ಪ್ರಶ್ನೆ ಕೇಳುವವನು ಯಾರೇ ಬರಲಿ, ಊರಿನವರೆಲ್ಲ ಮುಂಚೆಯೇ ಕೂತು ಒಂದೇ ಉತ್ತರವನ್ನು ಗೊತ್ತುಮಾಡಿಕೊಳ್ಳುವುದು ಹೊಂಗನೂರಿನ ಹಳೆಯ ಕ್ರಮ. ಜನಗಣತಿಗೆ ಒಂದು ಉತ್ತರವಿತ್ತು, ದನಗಣತಿಗೆ ಒಂದಿತ್ತು, ಭಾವಿಯ ನೀರಿನ ಆಳಕ್ಕೆ ಒಂದಿತ್ತು. ಬೇರೆ ಬೇರೆ ಉತ್ತರ ಕೊಟ್ಟ ಊರುಗಳಿಗೆ ಏನಾಯಿತೆಂದು ಹೇಳುವ ಕಥೆಗಳೂ ಇದ್ದವು. ಹೀಗಾಗಿ ಮನಸ್ಸಿಗೂ ಒಂದು ಉತ್ತರ ಗೊತ್ತುಮಾಡುವ ಕೆಲಸ ಅಲ್ಲೇ, ಆಗಲೇ ಶುರುವಾಯಿತು.

"ಎಮ್ಮೆ ಇಚಾರ ಯೋಚ್ನೆ ಮಾಡ್ತಿದ್ದೆ ಅನ್ನಾಣ," ಎಂದ ವೆಂಕಟಯ್ಯ.

"ಎಷ್ಟು ಎಮ್ಮೆ ಅಂತಾನೆ," ಎಂದರು ಪಟೇಲರು.

"ದೇವ್ರು ಅನ್ನಾಣ."

"ಗುಡಿ ಮಾನ್ಯದ ಕಾಗ್ದ ತತ್ತಾ ಅಂತಾನೆ."

"ಬಿಸ್ಲು ಚೆಂದಾಗೈತೆ ಅಂದ್ರೆ?"

"ಬೆಳೆ ಚೆಂದಾಗಾಯ್ತು ಅಂತ ಬರ್ಕೋತಾನೆ ಕಣ್ಲಾ. ನಿಂಗೆ ಬಾಯಿ ಕೊಟ್ಟೋರು ಒಸಿ ಬುದ್ಧಿನೂ ಕೊಡ್ಬಾರ್ದಿತ್ತಾ?"

ಮುದುಕ ಸಿದ್ದಯ್ಯ ಕಂಬಕ್ಕೆ ಒರಗಿದ್ದಲ್ಲಿಂದಲೇ, "ಹೆಂಡ್ತಿ ಅನ್ನಿ. ಎಲ್ರಿಗೂ ಐತೆ," ಎಂದ.

"ಯಾರ ಹೆಂಡ್ತಿ ಅಂತ ಕೇಳ್ತಾನಲ್ಲಾ ಸಿದ್ದಣ್ಣ. ಆಗ ನೀನೇನಂತೀಯೆ?"

ಚಾವಡಿ ನಕ್ಕಿತು. ಏನೂ ಇರಲಿಲ್ಲ ಎಂದುಬಿಟ್ಟರೆ ಹೇಗೆಂದು ಮತ್ತೊಬ್ಬ ಕೇಳಿದ. ಏನೂ ಇಲ್ಲವೆಂದವನ ಮನೆಗೇ ಅವರು ಮೊದಲು ನುಗ್ಗುವುದೆಂದು ಪಟೇಲರು ನೆನಪಿಸಿದರು. ಆಗ ಅವರ ದೃಷ್ಟಿ ಸಿದ್ದಯ್ಯನ ಬೋಳುತಲೆಯ ಮೇಲೆ ಸುತ್ತು ಹಾಕುತ್ತಿದ್ದ ಒಂದು ನೊಣದ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಅದಕ್ಕೆ ವಾರಸುದಾರರಿಲ್ಲ. ಖಾತೆಯಿಲ್ಲ. ಯಾವ ದೊರೆಯೂ ಅದರ ಮೇಲೆ ಕಂದಾಯ ಹಾಕಿದ್ದಿಲ್ಲ.

"ನೊಣ," ಎಂದರು ಪಟೇಲರು. "ಒಂದು ನೊಣ ಹಾರ್ತಿತ್ತು ಸ್ವಾಮಿ, ಅದುನ್ನ ನೋಡ್ತಿದ್ದೆ. ಅಷ್ಟೇ ಅನ್ರಿ."

"ನೊಣ ಅಂದ್ರೆ ಕಾಲರಾದೋರು ಬತ್ತಾರೆ," ಎಂದ ಸಿದ್ದಯ್ಯ.

"ಅದುಕ್ಕೇ ಒಂದೇ ನೊಣ. ಒಂದು ನೊಣಕ್ಕೆ ಯಾವನೂ ಗಾಡಿ ಕಟ್ಕೊಂಡು ಬರಾಕಿಲ್ಲ. ಎರಡು ಅಂದೋನ್ನ ನಾನು ಬುಡಾಕಿಲ್ಲ, ಹೇಳಿವ್ನಿ."

ಎರಡನೆಯ ಪ್ರಶ್ನೆಯಲ್ಲಿ ಪಟೇಲರಿಗೆ ಕೋರ್ಟಿನ ವಾಸನೆ ಬಂದಿತ್ತು. ತಿಳಿದದ್ದು ಯಾರಿಗೆ ಎನ್ನುವುದು ಸಾಕ್ಷಿ ಹಿಡಿಯುವ ಪ್ರಶ್ನೆ. ಒಬ್ಬನ ಹೆಸರು ಹೇಳಿದರೆ ಅವನ ತಲೆಗೆ ಬರುತ್ತದೆ. ಅದಕ್ಕೆ 'ಎಲ್ರಿಗೂ ಗೊತ್ತು ಸ್ವಾಮಿ' ಎಂಬ ಉತ್ತರ ನಿಶ್ಚಯವಾಯಿತು. ಮರುದಿನ ಬೆಳಗಿನಿಂದ ತಾಲೀಮು. ಪಟೇಲರು ಸೌಟಿನಿಂದ ಚೊಂಬನ್ನು ಬಡಿಯುವರು. ಎದುರಿಗೆ ಕುಳಿತವನು ನೊಣವನ್ನು ಹೇಳುವನು. ಸಂಜೆಯ ಹೊತ್ತಿಗೆ ಊರಿನಲ್ಲಿ ಎಲ್ಲಿ ಪಾತ್ರೆ ಬಿದ್ದ ಸದ್ದಾದರೂ ಯಾರಾದರೊಬ್ಬರು "ಒಂದು ನೊಣ ಹಾರ್ತಿತ್ತು" ಎನ್ನುವ ಮಟ್ಟಕ್ಕೆ ಬಂದಿತ್ತು.

ಅರವತ್ತು ಜನರ ಪಟ್ಟಿಯಲ್ಲಿ ಹೆಂಗಸರ ಹೆಸರಿರಲಿಲ್ಲ. ಮನೆಗೊಬ್ಬ ಗಂಡಸು ಹೇಳಿದರೆ ಮನೆಯ ಮನಸ್ಸೆಲ್ಲ ಹೇಳಿದಂತೆ ಎಂದು ಪಟೇಲರು ತೀರ್ಮಾನಿಸಿದ್ದರು. ವೆಂಕಟಯ್ಯ ತನ್ನ ಮನೆಯ ಪರವಾಗಿ ನೊಣವನ್ನು ಬಾಯಿಪಾಠ ಮಾಡುತ್ತಿದ್ದಾಗ ಅವನ ಸತ್ತ ಅಣ್ಣನ ಹೆಂಡತಿ ಸಿದ್ದಮ್ಮ ಒಳಗೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಆ ಮನೆಯಲ್ಲಿ ರೇಷ್ಮೆ ಹುಳು ಸಾಕುವವಳು ಅವಳೇ. ವಯಸ್ಸು ನಲವತ್ತೈದರ ಆಸುಪಾಸು.

"ಅದೇನಪ್ಪ ಗಂಟೆ ಹೊಡ್ದು ಕೇಳಾದು?" ಎಂದಳು.

"ಮನಸ್ನಾಗೆ ಏನೈತೆ ಅಂತ ಕೇಳ್ತಾನಂತೆ ಅತ್ಗೆ."

"ಯಾರ ಮನಸ್ನಾಗೆ?"

"ಯಾರ್‍ನ ಕೇಳ್ತಾನೋ ಅವ್ರ ಮನಸ್ನಾಗೆ."

ಸಿದ್ದಮ್ಮ ಕುಡುಗೋಲನ್ನು ಕೆಳಗಿಟ್ಟಳು. ಮುದ್ದೆ ಆಯಿತೇ ಎಂದು ಅವಳನ್ನು ಕೇಳಿದ್ದಾರೆ, ಸೊಪ್ಪು ಸಾಲುತ್ತದೆಯೇ ಎಂದು ಕೇಳಿದ್ದಾರೆ, ಕರು ಎಲ್ಲಿ ಎಂದು ಕೇಳಿದ್ದಾರೆ. ಮನಸ್ಸಿನಲ್ಲಿ ಏನಿದೆ ಎಂದು ಈ ಮನೆಗೆ ಕಾಲಿಟ್ಟ ಮೂವತ್ತು ವರ್ಷಗಳಲ್ಲಿ ಯಾರೂ ಕೇಳಿದ್ದಿಲ್ಲ. ಮೈಸೂರಿನಿಂದ ಒಬ್ಬರು ರೈಲು ಹತ್ತಿ, ಜಟಕಾ ಹಿಡಿದು, ಅದನ್ನೇ ಕೇಳಲು ಬರುತ್ತಾರೆಂದರೆ ಅವರಿಗೆ ನಿಜವಾಗಿ ತಿಳಿಯಬೇಕಾಗಿದೆ ಎಂದು ಅವಳು ನಂಬಿದಳು. ಈ ಕಥೆಯಲ್ಲಿ ಹಾಗೆ ನಂಬಿದವಳು ಅವಳೊಬ್ಬಳೇ.

"ನಾನೂ ಹೇಳ್ತೀನಿ," ಎಂದಳು. "ನಂಗೆ ಹೇಳಾದೈತೆ. ನಾನು ಹೇಳಿದ್ದ ಹಂಗೇ ಬರ್ಕೊಂಡ್ರೆ ಸಾಕು."

"ನೊಣ ತಾನೇ?"

"ನೊಣ ಯಾಕೆ? ನಾನು ನೊಣ ನೋಡ್ತಾ ಕುಂತಿದ್ರೆ ನಿಮ್ಗೆಲ್ಲ ಕೂಳು ಹಾಕೋರ್‍ಯಾರು?"

ಮಾತು ಸಂಜೆಯೊಳಗೆ ಪಟೇಲರನ್ನು ಮುಟ್ಟಿತು. ಪಟೇಲರು ಸಿಟ್ಟಾಗಲಿಲ್ಲ. ಹಿತ್ತಿಲ ಬೇಲಿಯ ಬಳಿ ನಿಂತು ಮೆಲ್ಲಗೆ, "ಸಿದ್ದವ್ವ, ಹುಳ ಯಾವಾಗ ಹಣ್ಣಾಗಾದು?" ಎಂದು ವಿಚಾರಿಸಿದರು.

"ಇನ್ನು ನಾಕೈದು ದಿನ."

"ಚಂದ್ರಿಕೆ ನಮ್ಮನೇವೇ ತಾನೇ ತರಾದು ನೀನು?"

ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಟ್ಟರೇ ಅದು ಗೂಡು ಕಟ್ಟುವುದು. ಒಂದು ದಿನ ತಡವಾದರೆ ನೂಲನ್ನೆಲ್ಲ ನೆಲಕ್ಕೆ ಉಗುಳಿ ಹಾಳಾಗುತ್ತದೆ. ಊರಿನಲ್ಲಿ ಎರವಲು ಕೊಡುವಷ್ಟು ಚಂದ್ರಿಕೆ ಇದ್ದದ್ದು ಪಟೇಲರ ಅಟ್ಟದ ಮೇಲೆ ಮಾತ್ರ.

"ನಾನೇನೂ ಬ್ಯಾಡ ಅಂತಿಲ್ಲ," ಎಂದರು ಪಟೇಲರು. "ನೀನು ಒಂದು ಹೇಳಿ ನಾವು ಒಂದು ಹೇಳಿದ್ರೆ ನಮ್ದೆಲ್ಲ ಸುಳ್ಳಾಯ್ತದೆ. ಯೋಚ್ನೆ ಮಾಡು. ಮನಸ್ನಾಗೇ ಮಾಡು."

ಆಚಾರ್ಯರು ಬಂದರು. ಸರಿಗೆ ರುಮಾಲು, ಮುಚ್ಚುಕೋಟು, ಕಚ್ಚೆಪಂಚೆ, ಅದರ ಕೆಳಗೆ ಬೂಟು. ಶಾನುಭೋಗರ ಮನೆಯಿಂದ ತಂದ ಮೇಜಿನ ಮೇಲೆ ಗಂಟೆ ಕೂತಿತು, ಪುಸ್ತಕ ತೆರೆಯಿತು. ಮೊದಲಿಗೆ ಸಿದ್ದಯ್ಯ ಬಂದು ಕುಳಿತ.

ಟಿಣ್.

"ಒಂದು ನೊಣ ಹಾರ್ತಿತ್ತು ಸ್ವಾಮಿ, ಅದುನ್ನ ನೋಡ್ತಿದ್ದೆ."

"ಹಾಗೆಂದು ತಿಳಿದದ್ದು ಯಾರಿಗೆ?"

"ಎಲ್ರಿಗೂ ಗೊತ್ತು ಸ್ವಾಮಿ."

ಆಚಾರ್ಯರು ಬರೆದುಕೊಂಡರು. ಎರಡನೆಯವನು ನೊಣ ಎಂದಾಗ ಸುತ್ತ ನೋಡಿದರು. ಹತ್ತನೆಯವನು ಹೇಳಿದಾಗ ಲೇಖನಿ ನಿಂತಿತು. ಹದಿನೈದನೆಯವನ ಹೊತ್ತಿಗೆ ಅವರು ಹಿಂದಿನ ಹಾಳೆಗಳನ್ನು ತಿರುವಿ ನೊಣಗಳನ್ನು ಎಣಿಸತೊಡಗಿದ್ದರು. ಜನ ತಮ್ಮನ್ನು ಆಡಿಸುತ್ತಿರಬಹುದೆಂಬ ಅನುಮಾನ ಅವರಿಗೆ ಬರಲೇ ಇಲ್ಲ. ಬರಲು ಅವರ ಸಿದ್ಧಾಂತ ಎಡೆಗೊಡುವಂತಿರಲಿಲ್ಲ. ತನ್ನ ಮನಸ್ಸೇ ತನಗೆ ಗೊತ್ತಿಲ್ಲದವನು ಅದನ್ನು ಬಚ್ಚಿಡುವುದು ಹೇಗೆ? ಅಂದು ಮಧ್ಯಾಹ್ನ ಶಾನುಭೋಗರ ಮನೆಯಲ್ಲಿ ಎಲೆಯ ಮುಂದೆ ಕುಳಿತು, ಸಾರು ಆರಲು ಬಿಟ್ಟು, ತಮಗೆ ಹೊಳೆದದ್ದನ್ನು ವಿವರಿಸಿದರು.

"ಇವರಿಗೆ ಬೇರೆ ಬೇರೆ ಮನಸ್ಸೇ ಇಲ್ಲ ಶಾನುಭೋಗರೆ. ಇಡೀ ಊರಿಗೆ ಒಂದೇ ಮನಸ್ಸು. ಅದರಲ್ಲಿ ಒಂದೇ ನೊಣ. ಅದು ಎಲ್ಲರಿಗೂ ಏಕಕಾಲದಲ್ಲಿ ಗೋಚರ. 'ಎಲ್ರಿಗೂ ಗೊತ್ತು' ಎನ್ನುತ್ತಾರೆ, ಗಮನಿಸಿದಿರಾ? 'ನನಗೆ' ಎಂದು ಒಬ್ಬನೂ ಅನ್ನುವುದಿಲ್ಲ."

ಶಾನುಭೋಗರು ಗಮನಿಸಿದ್ದರು. ತಾಲೀಮಿನಲ್ಲಿ ಉಚ್ಚಾರಣೆ ತಿದ್ದಿದವರೇ ಅವರು. "ತಮ್ಮಂಥವರು ಬಂದದ್ದರಿಂದ ತಿಳಿಯಿತು. ಇನ್ನೊಂದು ಸೌಟು ಅನ್ನ ಬಡಿಸಲಾ?" ಎಂದರು.

ನಾಲ್ಕನೆಯ ದಿನ ಐವತ್ತೊಂಬತ್ತು ಮುಗಿದು, ಅರವತ್ತನೆಯವನು ಜ್ವರ ಬಂದು ಮಲಗಿಬಿಟ್ಟ. ಗೂಡು ಕೊಳ್ಳುವ ಮಾತಾಡಲು ಚನ್ನಪಟ್ಟಣದಿಂದ ಬಂದಿದ್ದ ಹಬೀಬ್ ಸಾಹೇಬರನ್ನು ಪಟೇಲರು ರಟ್ಟೆ ಹಿಡಿದು ಕರೆತಂದು, ದಾರಿಯಲ್ಲೇ ಕಿವಿಯಲ್ಲಿ ಊದಿ ಕೂರಿಸಿದರು. ಹಬೀಬ್ ಸಾಹೇಬರ ಮನೆಯಲ್ಲಿ ನೂಲು ಬಿಚ್ಚುವ ರಾಟೆಗಳಿದ್ದವು. ವ್ಯಾಪಾರದಲ್ಲಿ ಪಳಗಿದ ನಾಲಿಗೆ.

ಟಿಣ್.

"ಒಂದು ನೊಣ ಸ್ವಾಮಿ. ಹಸಿರು ರೆಕ್ಕೆ. ಬಂದು ಗೂಡಿನ ಮೇಲೆ…"

ಪಟೇಲರು ಕೆಮ್ಮಿದರು.

"ಗೂಡಿನ ಮೇಲಲ್ಲ. ಗೂಡೆಲ್ಲೈತೆ ಈ ಊರಾಗೆ. ಸುಮ್ಕೆ ಹಾರ್ತಿತ್ತು."

"ತಿಳಿದದ್ದು ಯಾರಿಗೆ?"

"ಎಲ್ರಿಗೂ ಗೊತ್ತು. ಚನ್ನಪಟ್ಟಣದಾಗೂ ಗೊತ್ತು."

ಆಚಾರ್ಯರು ಎದ್ದು ನಿಂತರು. ನೊಣ ಊರಿನ ಗಡಿ ದಾಟಿತ್ತು, ಮತದ ಗಡಿಯನ್ನೂ ದಾಟಿತ್ತು. ಪುಸ್ತಕ ಮುಚ್ಚುವಷ್ಟರಲ್ಲಿ, "ಸ್ವಾಮಿ, ನಂದೊಂದು ಐತೆ," ಎಂದು ಹೆಣ್ಣಿನ ದನಿ ಕೇಳಿಸಿತು.

ಸಿದ್ದಮ್ಮ ಕೈ ತೊಳೆದುಕೊಂಡು ಬಂದಿದ್ದಳು. ಬೆರಳುಗಳಿಗೆ ಸೊಪ್ಪಿನ ಹಸಿರು ಅಂಟಿಯೇ ಇತ್ತು. ಪಟೇಲರು ಅವಳನ್ನೊಮ್ಮೆ, ತಮ್ಮ ಮನೆಯ ಅಟ್ಟದ ದಿಕ್ಕನ್ನೊಮ್ಮೆ ನೋಡಿದರು. ಅವಳೂ ಅದೇ ದಿಕ್ಕಿಗೆ ನೋಡಿ, ಆಮೇಲೆ ಬಂದು ಕುಳಿತಳು.

"ಅರವತ್ತು ಆಯಿತಲ್ಲ," ಎಂದರು ಆಚಾರ್ಯರು. ಆದರೂ ಹೆಂಗಸಿನ ಮನಸ್ಸಿನಲ್ಲೂ ನೊಣವಿದ್ದರೆ ಸಿದ್ಧಾಂತಕ್ಕೆ ಇನ್ನಷ್ಟು ಬಲ ಬಂದೀತೆಂದು ಗಂಟೆ ಒತ್ತಿದರು.

ಟಿಣ್.

"ಇನ್ನೊಂದು ಸಲ ಹೊಡೀರಿ ಸ್ವಾಮಿ. ನಾನು ಸದ್ದು ಕೇಳ್ತಿದ್ದೆ."

ಟಿಣ್.

"ಮೊನ್ನೆಯಿಂದ ಹೇಳ್ಬೇಕು ಅಂತಿದ್ದೆ," ಎಂದಳು ಸಿದ್ದಮ್ಮ. "ಹುಳ ನಾಕ್ನೇ ಸಲ ಪೊರೆ ಕಳ್ಚಿ ಜ್ವರದಿಂದ ಎದ್ದ ಮೇಲೆ ಸೊಪ್ಪು ತಿನ್ನೋ ಸದ್ದು ಐತಲ್ಲ, ಮಳೆ ಹುಯ್ದಂಗೆ ಇರ್ತದೆ. ಅದುನ್ನ ಕೇಳ್ತಾ ಕುಂತ್ರೆ ನಾನು ಇರಾದೇ ಮರ್ತೋಯ್ತದೆ. ಸದ್ದು ಒಂದೇ ಇರಾದು. ಸೊಪ್ಪು ಮುಗೀತಾ ಬಂದಂಗೆ ಸದ್ದು ಒಸಿ ಕಮ್ಮಿ ಆಯ್ತದೆ ನೋಡಿ, ಆಗ ಗೊತ್ತಾಯ್ತದೆ. ಓ, ಇಲ್ಲಿ ಕೇಳ್ತಾ ಕುಂತಿದ್ದೋಳು ಒಬ್ಳು ಇದ್ಲು, ಅದು ನಾನೇ ಅಂತ. ಯಾವಾಗ್ಲೂ ಆಮೇಲೇ ಗೊತ್ತಾಗಾದು. ಮುಂಚೆ ಹಿಡಿಯಾಣ ಅಂತ ಎಷ್ಟೋ ಸಲ ನೋಡಿವ್ನಿ, ಆಗಾಕಿಲ್ಲ. ಹಿಡಿಯಾಕೆ ಹೋದ್ರೆ ಸದ್ದೇ ಕೇಳಾಕಿಲ್ಲ. ನೀವು ಗಂಟೆ ಹೊಡೀತೀರಲ್ಲ, ನಿಮ್ಗೆ ಸಿಕ್ಕಾದು ಗಂಟೆ ಹೊಡೆದ ಮೇಲಿನ ಸಿದ್ದಮ್ಮ. ಅದುಕ್ ಮುಂಚೆ ಇದ್ದೋಳು ಸಿಕ್ಕಾಕಿಲ್ಲ ಸ್ವಾಮಿ. ಅವ್ಳು ಅಲ್ಲೇ ಕುಂತಿರ್ತಾಳೆ."

ಆಗ ನಿಜವಾದ ನೊಣವೊಂದು ಬಂದು ತೆರೆದ ಪುಸ್ತಕದ ಮೇಲೆ ಕೂತಿತು. ಆಚಾರ್ಯರು ಅದನ್ನು ನೋಡದೆಯೇ ಕೈಬೀಸಿ ಓಡಿಸಿದರು. ಅವರು ಬರೆಯುವುದನ್ನು ನಿಲ್ಲಿಸಿ ಆಗಲೇ ಸ್ವಲ್ಪ ಹೊತ್ತಾಗಿತ್ತು.

"ಬರ್ಕೊಂಡ್ರಾ?" ಎಂದಳು ಸಿದ್ದಮ್ಮ. ಆಮೇಲೆ, "ನಿಮ್ಗೂ ಹಂಗೇ ಆಯ್ತದಾ ಸ್ವಾಮಿ?" ಎಂದು ವಿಚಾರಿಸಿದಳು.

ಏಳು ಸಾವಿರ ಸಲ ವರದಿ ಒಪ್ಪಿಸಿದ್ದ ಆಚಾರ್ಯರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಅವರು ಶಾನುಭೋಗರ ಕಡೆ ತಿರುಗಿದರು.

"ಈ ಹೆಂಗಸಿಗೆ ಇದನ್ನು ಹೇಳಿಕೊಟ್ಟವರು ಯಾರು?"

"ಯಾರೂ ಇಲ್ಲವಲ್ಲ."

"ಯಾರಾದರೂ ಸಾಧು, ಬೈರಾಗಿ? ಹರಿಕಥೆಯವರು?"

"ಹುಳುಮನೆ ಬಿಟ್ಟು ಆಚೆ ಬರುವವಳೇ ಅಲ್ಲ."

"ಇಲ್ಲ, ಇದು ಬಾಯಿಪಾಠ," ಎಂದರು ಆಚಾರ್ಯರು. "ಮೊನ್ನೆಯಿಂದ ಹೇಳಬೇಕೆಂದಿದ್ದೆ ಎಂದು ಅವಳೇ ಒಪ್ಪಿದ್ದಾಳೆ. ಸಹಜವಾದ ಉತ್ತರ ಹೇಗಿರುತ್ತದೆಂದು ನಾಲ್ಕು ದಿನದಿಂದ ಕೇಳಿದ್ದೇನೆ. ಸರಳ, ತಡವರಿಕೆಯಿಲ್ಲ, ಒಂದಕ್ಕೊಂದು ಹೊಂದುತ್ತದೆ. ಇದು ಹೊಂದುವುದಿಲ್ಲ." ಬರೆದಿದ್ದ ಎರಡು ಸಾಲಿನ ಮೇಲೆ ಅಡ್ಡಗೀಟು ಎಳೆದು ಪುಸ್ತಕ ಮುಚ್ಚಿದರು. ಗಂಟೆಯನ್ನು ವಸ್ತ್ರದಲ್ಲಿ ಸುತ್ತಿಕೊಂಡರು. ಜಟಕಾ ಕಾಯುತ್ತಿತ್ತು.

ಸಿದ್ದಮ್ಮ ಕುಳಿತಲ್ಲೇ ಇದ್ದಳು. "ನಾನು ಹೇಳಿದ್ದು ತಪ್ಪಾ?" ಎಂದು ಹಬೀಬ್ ಸಾಹೇಬರನ್ನು ಕೇಳಿದಳು. ಹತ್ತಿರ ಇದ್ದವರು ಅವರೇ.

"ತಪ್ಪೇನಿಲ್ಲವ್ವ. ನಮ್ಮನೇಲಿ ನೂಲು ಬಿಚ್ಚೋ ಬದ್ರುನ್ನೀಸಾನೂ ರಾಟೆ ಮುಂದೆ ಕುಂತು ಹಿಂಗೇ ಏನೋ ಅಂತಿರ್ತಾಳೆ."

"ಏನಂತಾಳೆ?"

ಹಬೀಬ್ ಸಾಹೇಬರು ನೆನಪು ಮಾಡಿಕೊಳ್ಳಲು ನೋಡಿದರು. "ಕೇಳಿಸ್ಕೊಂಡಿಲ್ಲ," ಎಂದರು.

ಚಂದ್ರಿಕೆಯ ವಿಚಾರವನ್ನು ಪಟೇಲರು ಜಟಕಾ ಕಣ್ಮರೆಯಾದ ಮೇಲೆ ಇತ್ಯರ್ಥ ಮಾಡಿದರು. ಊರಿನ ಕಟ್ಟನ್ನು ಮುರಿದವಳಿಗೆ ಕೊಡಬಾರದೆಂದು ವೆಂಕಟಯ್ಯನೇ ಮುಂದೆ ಬಿದ್ದು ಹೇಳಿದ. ಹುಳು ತನ್ನ ಮನೆಯದೇ ಎಂಬುದು ಅವನಿಗೆ ಹೇಳಿದ ಮೇಲೆ ಹೊಳೆಯಿತು.

"ಅವ್ಳೇನು ಹೇಳಿದ್ಲು?" ಎಂದರು ಪಟೇಲರು.

"ಅದೇ, ಹುಳ, ಸದ್ದು…"

"ಬರ್ಕೊಂಡ್ರಾ?"

"ಗೀಟು ಎಳುದ್ಬುಟ್ರು."

"ಬರ್ಕೊಂಡಿಲ್ಲ ಅಂದ್ಮೇಲೆ ಹೇಳಿಲ್ಲ ಅಂತ್ಲೇ. ಕೊಡ್ರಿ ಹೋಗ್ಲಿ."

ಮಾರನೆಯ ದಿನ ಚಂದ್ರಿಕೆಗಳು ಬಂದವು. ಹುಳು ಹಣ್ಣಾಗಿ, ಹತ್ತಿ, ಗೂಡು ಕಟ್ಟಿತು.

ಆಚಾರ್ಯರ ಲೇಖನ ಮುಂದಿನ ಬೇಸಿಗೆಯಲ್ಲಿ ವಿಲಾಯಿತಿಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗ್ರಾಮೀಣ ಮನಸ್ಸು ಅವಿಭಕ್ತವೆಂದೂ, ಅದರಲ್ಲಿ ಒಂಟಿ ನೊಣದ ಆಕಾರದಲ್ಲಿ ಕಾಣಿಸಿಕೊಳ್ಳುವುದು ಇನ್ನೂ ಹುಟ್ಟದಿರುವ 'ಅಹಂ' ಎಂದೂ ಅದರ ಸಾರಾಂಶ. ಅವರಿಗೆ ರೀಡರ್ ಹುದ್ದೆಯಾಯಿತು. ಶಾನುಭೋಗರಿಗೆ ಕೃತಜ್ಞತೆ ಸೂಚಿಸಿದ್ದ ಲೇಖನದ ಒಂದು ಪ್ರತಿ ಟಪಾಲಿನಲ್ಲಿ ಬಂತು. ಅವರು ಅದನ್ನು ಚಾವಡಿಯಲ್ಲಿ ಕನ್ನಡ ಮಾಡಿ ಓದಿದರು. ಕಂದಾಯದ ಸುದ್ದಿ ಎಲ್ಲಿಯೂ ಇಲ್ಲದ್ದನ್ನು ಎರಡು ಸಲ ಓದಿಸಿ ಖಚಿತಪಡಿಸಿಕೊಂಡು ಊರು ಎದ್ದು ಹೋಯಿತು.

ಸಿದ್ದಮ್ಮ ಎಲ್ಲರೂ ಹೋಗುವವರೆಗೆ ಕಾದು, "ನಂದು ಐತಾ ಸ್ವಾಮಿ ಅದ್ರಾಗೆ?" ಎಂದಳು.

ಶಾನುಭೋಗರು ಹಾಳೆ ಮಗುಚಿದರು. ಒಂದು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು.

"ಇದೆ ಕಣಮ್ಮ. 'ಪೂರ್ವಸಿದ್ಧತೆ ಮಾಡಿಕೊಂಡು ಬಂದಿದ್ದ ಒಬ್ಬ ಸ್ತ್ರೀಯ ಉತ್ತರವನ್ನು ಕೈಬಿಡಲಾಗಿದೆ.'"

"ಅಷ್ಟೇನಾ?"

"ಅಷ್ಟೇ."

ಆಮೇಲೆ ಅವಳ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ.